ಓಡುವ ಗಾಡಿ, ಏರುವ ಬೆಲೆ

2022ನೆಯ ಇಸವಿಯ ಮೇ ತಿಂಗಳಿನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮರ್ಸಿಡಿಸ್ ಬೆನ್ಜ್ ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಮೋಟಾರು ಗಾಡಿ ಹರಾಜಾಯಿತು. ಡಂಗುರ ಹೊಡೆಸಿ ಊರನ್ನೆಲ್ಲ ಸೇರಿಸಿದ ಹರಾಜಲ್ಲ. ಆಹ್ವಾನ ಪಡೆದು ಬಂದವರು ಮಾತ್ರ ಅಲ್ಲಿ ಬೆಲೆ ಕೂಗಬಹುದಾಗಿತ್ತು. ಗಾಡಿಯಲ್ಲಿ ಇದ್ದದ್ದು ಎರಡೇ ಆಸನ. ಕೂಗು ಕೊನೆಗೆ ನಿಂತದ್ದು 13 ಕೋಟಿ 50 ಲಕ್ಷ ಯೂರೋಗಳಿಗೆ. ನಮ್ಮ ಹಣದಲ್ಲಿ ಅಂದಿನ ಲೆಕ್ಕದಂತೆ ಅದು ಸಾವಿರ ಕೋಟಿ ರೂಪಾಯಿಗಳನ್ನು ಮೀರಿದ ಮೊತ್ತ. ಮೋಟಾರು ಗಾಡಿಯೊಂದಕ್ಕೆ ಬಹಿರಂಗವಾಗಿ ತಿಳಿದಂತೆ ಅದುವರೆಗೆ ಯಾರೂ ಅಷ್ಟು ಹಣವನ್ನು ಕೊಟ್ಟಿರಲಿಲ್ಲ. ಬಂದ ಹಣವನ್ನು ಕಂಪನಿಯವರು ತಾವು ಇಟ್ಟುಕೊಳ್ಳದೆ ವಿದ್ಯಾರ್ಥಿವೇತನದ ನಿಧಿಯೊಂದಕ್ಕೆ ಮೀಸಲಿಟ್ಟರೆಂಬುದನ್ನು, ಮೇಷ್ಟರಾದ ನಾನು ಮೊದಲೇ ಹೇಳಿಬಿಡುವುದು ನ್ಯಾಯ.

ಈ ಗಾಡಿಯ ಪೂರ್ವವೃತ್ತಾಂತ ಸ್ವಾರಸ್ಯವಾದದ್ದು. 1955ರಲ್ಲಿ ಮರ್ಸಿಡಿಸ್ ಕಂಪನಿಯವರು 300 ಎಸ್‌ಎಲ್‌ಆರ್ ಎಂಬ ಪಂದ್ಯದ ಗಾಡಿಗಳನ್ನು ಮಾಡಿದರು. ಆ ವರ್ಷದ ಮೇ ತಿಂಗಳಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಆಂಗ್ಲ ಸಾರಥಿ, ಪಕ್ಕದಲ್ಲಿ ಕುಳಿತ ಡೆನಿಸ್ ಜೆಂಕಿನ್ಸನ್ ಎಂಬ ಪತ್ರಕರ್ತ ಕಾಗದದ ಸುರುಳಿಯನ್ನು ನೋಡಿ ಮುಂದಿನ ತಿರುವನ್ನು ಕೈಸನ್ನೆಯಿಂದ ತಿಳಿಸುತ್ತಿರಲು, ಇಟಲಿಯ ಸಾವಿರ ಮೈಲಿಯ ಪಂದ್ಯವನ್ನು ಇಂಥದೇ ತೆರೆದ ಗಾಡಿಯೊಂದರಲ್ಲಿ ಹತ್ತು ಗಂಟೆ ಏಳು ನಿಮಿಷ ನಲವತ್ತೆಂಟು ಸೆಕೆಂಡುಗಳಲ್ಲಿ ಮುಗಿಸಿ ಗೆದ್ದ. ಮೇಲ್ಮುಚ್ಚಿಗೆಯುಳ್ಳ ಎರಡು ಗಾಡಿಗಳನ್ನು ಮೆಕ್ಸಿಕೋ ದೇಶದ ದೀರ್ಘ ಪಂದ್ಯಕ್ಕೆಂದು ಬೇರೆಯಾಗಿ ಸಿದ್ಧಪಡಿಸುತ್ತಿದ್ದರು. ಅಷ್ಟರಲ್ಲಿ ಜೂನ್ ತಿಂಗಳಿನಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಘೋರವಾದ ಅಪಘಾತವಾಗಿ ಎಂಬತ್ತಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಮೆಕ್ಸಿಕೋದ ಪಂದ್ಯ ರದ್ದಾಯಿತು. ಕಂಪನಿ ಆ ವರ್ಷದ ಕೊನೆಗೆ ಪಂದ್ಯಗಳಿಂದಲೇ ಹಿಂದೆಗೆಯಿತು. ಕೆಲಸವಿಲ್ಲದೆ ನಿಂತ ಈ ಗಾಡಿಯನ್ನು ಅದರ ನಿರ್ಮಾಪಕ ರುಡೋಲ್ಫ್ ಊಲೆನ್‌ಹೌಟ್ ಎಂಬ ಇಂಜಿನಿಯರು ತನ್ನ ಓಡಾಟಕ್ಕೆ ಇಟ್ಟುಕೊಂಡ! ಸದ್ದಡಗಿಸಲು ದೊಡ್ಡದೊಂದು ಕೊಳವೆಯನ್ನು ಹೊಂದಿಸಿಕೊಂಡು, ಗಂಟೆಗೆ ಇನ್ನೂರೆಂಬತ್ತು ಕಿಲೋಮೀಟರಿಗೂ ಮಿಗಿಲಾಗಿ ಹೋಗಬಲ್ಲ ಆ ಗಾಡಿಯಲ್ಲಿ, ನಾವು ಸೈಕಲ್ಲಿನಲ್ಲಿ ಶಾಲೆಗೆ ಹೋಗುವಷ್ಟು ಸಹಜವಾಗಿ, ಅವನು ಸಾರ್ವಜನಿಕ ರಸ್ತೆಯಲ್ಲಿ ಓಡಾಡಿದ.

ಇಂದು ಅದನ್ನು ಕೊಂಡ ಧನಿಕರು ಅದರಲ್ಲಿ ಕೂತು ಕಚೇರಿಗೆ ಹೋದಾರೆಯೆ? ಹಣ ಕೊಟ್ಟವರಿಗೆ ಆ ಹಕ್ಕೇನೋ ಉಂಟು. ಆದರೆ ಹಾಗೆ ಹೋಗಲು ಎಂಟೆದೆ ಬೇಕು. ಎದುರಿನಿಂದ ಬರುವ ಹಾಲಿನ ವ್ಯಾನು ಒಂದು ಕ್ಷಣ ಮೈಮರೆತರೆ ಮೂಲೆಯಲ್ಲಿ ಆಗುವ ತಗ್ಗಿನ ಬೆಲೆಗೆ ಒಂದು ಊರಿಗೇ ಆಸ್ಪತ್ರೆ ಕಟ್ಟಿಸಬಹುದು. ಇನ್ನೊಂದು ಗಾಡಿಯಂತೂ ಕಂಪನಿಯ ಸಂಗ್ರಹಾಲಯದಲ್ಲಿಯೇ ಉಳಿಯಿತು.

ನಮ್ಮ ಭಾಷೆಯಲ್ಲಿ ‘ಬೆಲೆಬಾಳುವ ವಸ್ತು’ ಎಂಬ ಮಾತಿದೆ. ಈ ಉಂಗುರ ಇಷ್ಟು ಬಾಳುತ್ತದೆ, ಆ ಹೊಲ ಅಷ್ಟು ಬಾಳುತ್ತದೆ ಎನ್ನುತ್ತೇವೆ. ಬಾಳುವುದೆಂದರೆ ಬದುಕುವುದೂ ಹೌದು. ಬೆಲೆಯನ್ನೂ ಬದುಕನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿದ ನಮ್ಮ ಹಿಂದಿನವರಿಗೆ, ಬೆಲೆ ಮಾತ್ರ ಉಂಟು ಬಾಳು ಇಲ್ಲ ಎಂಬಂಥ ವಸ್ತು ಹುಟ್ಟೀತೆಂಬ ಊಹೆ ಇತ್ತೋ ಇಲ್ಲವೋ. ಯುರೋಪು ಅಮೆರಿಕೆಗಳಲ್ಲಿ ಹಳೆಯ ಕ್ರೀಡಾಮೋಟಾರುಗಳನ್ನು ಕುರಿತು ನಡೆಯುವ ವಾದವೆಲ್ಲ ಇದೇ: ಗಾಡಿಯ ಬೆಲೆ ಏರಿದಷ್ಟೂ ಅದನ್ನು ಓಡಿಸುವ ಸುಖ ಒಡೆಯನ ಕೈಬಿಡುತ್ತಿದೆಯೆ?

ಕ್ರೀಡಾಮೋಟಾರು ಅಥವಾ ಸ್ಪೋರ್ಟ್ಸ್ ಕಾರ್ ಎಂದರೆ ಇಬ್ಬರು ಕೂರುವ, ನೆಲಕ್ಕೆ ತಗ್ಗಿದ, ಹಗುರವಾದ ಗಾಡಿ. ಸಂಸಾರವನ್ನೂ ಸಾಮಾನನ್ನೂ ಒಯ್ಯುವ ಉದ್ದೇಶ ಅದಕ್ಕಿಲ್ಲ. ಓಡಿಸುವುದಕ್ಕಾಗಿಯೇ ಓಡಿಸುವ ಗಾಡಿ ಅದು. ಇಂಥವುಗಳಲ್ಲಿ ಇಟಲಿಯ ಫೆರಾರಿ ಕಂಪನಿಯ 250 ಜಿಟಿಓ ಎಂಬುದರ ಚರಿತ್ರೆಯೊಂದನ್ನು ನೋಡಿದರೆ ಬೆಲೆಯ ಆಟವೆಲ್ಲ ತಿಳಿಯುತ್ತದೆ. 1962ರಿಂದ 1964ರವರೆಗೆ ಮಾಡಿದ್ದು 36 ಗಾಡಿಗಳು. ಹನ್ನೆರಡು ಸಿಲಿಂಡರುಗಳು, ಒಂದೊಂದರ ಗಾತ್ರ ಸುಮಾರು 250 ಘನ ಸೆಂಟಿಮೀಟರು. ಅದರಿಂದಲೇ ಆ ಸಂಖ್ಯೆ. ಮೊದೆನ ಊರಿನ ಸ್ಕಾಲಿಯೆತ್ತಿ ಕಾರ್ಖಾನೆಯಲ್ಲಿ ಕಮ್ಮಾರರು ಅಲ್ಯುಮಿನಿಯಮ್ ತಗಡನ್ನು ಕೈಯಿಂದ ತಟ್ಟಿ ಮೈಯನ್ನು ರೂಪಿಸಿದರು. ಮೂರು ವರ್ಷವೂ ತನ್ನ ವರ್ಗದ ಪ್ರಪಂಚ ಪಂದ್ಯಾವಳಿಯನ್ನು ಅದೇ ಗೆದ್ದಿತು. ಅಮೆರಿಕದಲ್ಲಿ ಅದರ ಹೊಸ ಬೆಲೆ ಸುಮಾರು 18,000 ಡಾಲರು.

ಪಂದ್ಯದ ಗಾಡಿಗೆ ಮುಪ್ಪು ಬೇಗ ಬರುತ್ತದೆ. ಇಂಜಿನನ್ನು ಬೆನ್ನ ಹಿಂದೆ ಇಟ್ಟುಕೊಂಡ ಹೊಸ ಮಾದರಿಗಳು ಬಂದ ಮೇಲೆ ಜಿಟಿಓ ಸೋತ ಜಟ್ಟಿಯಾಯಿತು. ಹಳೆಯ ಪಂದ್ಯದ ಗಾಡಿಯನ್ನು ಯಾರು ಕೇಳುತ್ತಾರೆ? ಒಂದು ಗಾಡಿಯನ್ನು ಅದರ ಒಡೆಯರು ಟೆಕ್ಸಸ್ ಸೀಮೆಯ ವಿಕ್ಟೋರಿಯ ಎಂಬ ಊರಿನ ಹೈಸ್ಕೂಲಿಗೆ ದಾನ ಮಾಡಿದರು. ಯಂತ್ರವಿದ್ಯೆ ಕಲಿಯುವ ಹುಡುಗರು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಳ್ಳಲಿ ಎಂದು. 1972ರಲ್ಲಿ ಅದು ಶಾಲೆಯಿಂದ ಮಾರಾಟವಾದದ್ದು 6,500 ಡಾಲರಿಗೆ. ಕೊಂಡವನು ಅದನ್ನು ಓಹಾಯೋ ಪ್ರಾಂತದ ಬಯಲೊಂದರಲ್ಲಿ ಎಳೆಬಂಡಿಯ ಮೇಲೆ ಬಿಟ್ಟ. ಹತ್ತು ವರ್ಷಕ್ಕೂ ಮಿಕ್ಕಿ ಅದು ಮಳೆ ಹಿಮಗಳಲ್ಲಿ ನೆನೆಯುತ್ತ ನಿಂತಿತ್ತು. ಆ ಹೈಸ್ಕೂಲಿನ ಮೇಷ್ಟರುಗಳನ್ನು ನೆನೆದಾಗ ನನಗೆ ನಗುವೂ ಬರುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ. ಆದರೂ ಆ ಹುಡುಗರು ಒಂದು ಶ್ರೇಷ್ಠ ಇಂಜಿನನ್ನು ಕೈಯಿಂದ ಮುಟ್ಟಿ ಕಲಿತರು. ಇಂದು ಅಂಥ ಅವಕಾಶ ರಾಜಕುಮಾರನಿಗೂ ಸಿಗದು.

1988ರ ಆಗಸ್ಟಿನಲ್ಲಿ ಕಂಪನಿಯ ಸ್ಥಾಪಕ ಎನ್ಜೋ ಫೆರಾರಿ ತೀರಿಕೊಂಡ. ಜಪಾನಿನಲ್ಲಿ ಹಣ ಹೊಳೆಯಾಗಿ ಹರಿಯುತ್ತಿದ್ದ ಕಾಲ ಅದು. ಬೆಲೆಗಳು ಕುದುರೆ ಏರಿದವು. 1990ರ ಹೊತ್ತಿಗೆ ಜಿಟಿಓ ಒಂದಕ್ಕೆ ಒಂದು ಕೋಟಿ ಡಾಲರನ್ನು ಮೀರಿ ಕೊಟ್ಟರು. ಅನಂತರ ಜಪಾನಿನ ಗುಳ್ಳೆ ಒಡೆಯಿತು. ನಾಲ್ಕೈದು ವರ್ಷಗಳಲ್ಲಿ ಬೆಲೆ ಅದರ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಕುಸಿಯಿತು. ಸಾಲ ಮಾಡಿ ಕೊಂಡವರ ಗೋಳು ಹೇಳತೀರದು. ಮತ್ತೆ ಮೆಲ್ಲಗೆ ಏರಿ, 2018ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಂಟರೇಯಲ್ಲಿ ಒಂದು ಜಿಟಿಓ 4 ಕೋಟಿ 84 ಲಕ್ಷ ಡಾಲರಿಗೂ, 2023ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು 5 ಕೋಟಿ 17 ಲಕ್ಷ ಡಾಲರಿಗೂ ಹೋದವು. ಈ ಏರುಪೇರುಗಳಲ್ಲಿ ಗಾಡಿಯ ಒಂದು ಮೊಳೆಯೂ ಬದಲಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಒಡೆಯರ ರಕ್ತದೊತ್ತಡ ಬದಲಾಗಿದ್ದೀತು.

ಇಷ್ಟು ಬೆಲೆ ಬಂದದ್ದಾದರೂ ಎಲ್ಲಿಂದ? ಅಲ್ಯುಮಿನಿಯಮ್ ತಗಡಿಗೆ ಅಷ್ಟು ಬೆಲೆಯಿಲ್ಲ. ವಿರಳವೆಂಬುದು ಒಂದು ಕಾರಣ. ಆದರೆ ಜಿಟಿಓಗಿಂತ ವಿರಳವಾದ, ಯಾರೂ ಮೂಸಿ ನೋಡದ ಗಾಡಿಗಳು ಬೇಕಾದಷ್ಟಿವೆ. ನಿಜವಾಗಿ ಕೊಳ್ಳುವವರು ಬೆಲೆ ಕೊಡುವುದು ಗಾಡಿಯ ಚರಿತ್ರೆಗೆ: ಯಾವ ಪಂದ್ಯದಲ್ಲಿ ಓಡಿತು, ಸಾರಥಿ ಯಾರು, ಹುಟ್ಟಿದಾಗ ಇದ್ದ ಇಂಜಿನೇ ಈಗಲೂ ಇದೆಯೆ, ಚೌಕಟ್ಟಿನ ಮೇಲಿನ ಸಂಖ್ಯೆಯೂ ಇಂಜಿನಿನ ಮೇಲಿನ ಸಂಖ್ಯೆಯೂ ಕಾರ್ಖಾನೆಯ ಕಡತಕ್ಕೆ ಹೊಂದುತ್ತವೆಯೆ ಎಂದು ಜಾತಕ ನೋಡುವವರಿಗಿಂತ ಹೆಚ್ಚು ಸೂಕ್ಷ್ಮವಾಗಿ ನೋಡುತ್ತಾರೆ. ಎಂದರೆ, ಅಂದು ಯಾರೋ ಬೆಲೆಯ ಪರಿವೆಯಿಲ್ಲದೆ ಅದನ್ನು ದಂಡಿಸಿ ಓಡಿಸಿದ್ದರಿಂದಲೇ ಇಂದು ಅದಕ್ಕೆ ಬೆಲೆ. ಆ ಬೆಲೆಯೇ ಇಂದು ಅದನ್ನು ಓಡದಂತೆ ಕಟ್ಟಿಹಾಕುತ್ತದೆ. ಹಾಡಿ ಹೆಸರು ಪಡೆದ ಹಕ್ಕಿಯನ್ನು, ಹೆಸರು ಕೆಟ್ಟೀತೆಂದು ಬಾಯಿಕಟ್ಟಿ ಇಟ್ಟಂತಾಯಿತು.

ಸುಂಕದವರ ಪಾಲೂ ಇದರಲ್ಲಿದೆ. ಇಂಗ್ಲೆಂಡಿನ ತೆರಿಗೆಯ ಕಾನೂನಿನಲ್ಲಿ ಖಾಸಗಿ ಮೋಟಾರು ಗಾಡಿ ಸವೆದುಹೋಗುವ ವಸ್ತು. ಆದುದರಿಂದ ಅದನ್ನು ಮಾರಿ ಬಂದ ಲಾಭದ ಮೇಲೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆಯಿಲ್ಲ. ಸವೆಯುತ್ತದೆಂದು ವಿನಾಯಿತಿ ಕೊಟ್ಟರು. ಜನ ಸವೆಸದೆ ಇಟ್ಟು ಲಾಭ ಮಾಡಿಕೊಂಡರು.

ಓಡಿಸದೆ ಇಟ್ಟರೆ ಗಾಡಿ ಹೊಸದಾಗಿಯೇ ಉಳಿಯುವುದೆಂದು ತಿಳಿಯುವುದೂ ಸರಿಯಲ್ಲ. ಮನೆಯ ಅಟ್ಟದ ಮೇಲೆ ವಾಲ್ವಿನ ಹಳೆಯ ರೇಡಿಯೋ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಮೂಕವಾಗಿದ್ದ ಪೆಟ್ಟಿಗೆಗೆ ಏಕಾಏಕಿ ವಿದ್ಯುತ್ತು ಕೊಟ್ಟರೆ ಒಳಗಿನ ಕಂಡೆನ್ಸರು ಸಿಡಿಯಬಹುದು. ಓಲೆಗರಿಯ ಕಟ್ಟುಗಳೂ ಹಾಗೆಯೇ: ಬಿಚ್ಚಿ, ಒರಸಿ, ಎಣ್ಣೆ ಸವರಿ, ಓದುವವರ ಮನೆಯಲ್ಲಿ ಉಳಿದವು, ಪೂಜೆಯ ಪೆಟ್ಟಿಗೆಯಲ್ಲಿ ಮುಚ್ಚಿಟ್ಟವರ ಮನೆಯಲ್ಲಿ ಗೆದ್ದಲಿಗೆ ಗ್ರಾಸವಾದವು. ನಿಂತ ಮೋಟಾರಿನ ಒಳಗೆ ಆಗುವುದೇನು? ತೊಟ್ಟಿಯಲ್ಲಿ ಉಳಿದ ಪೆಟ್ರೋಲು ಮೆಲ್ಲಮೆಲ್ಲಗೆ ಆವಿಯಾಗಿ, ಅಂಟಿನಂಥ ಗಸಿಯಾಗಿ ಕಾರ್ಬೊರೇಟರಿನ ಕೂದಲೆಳೆಯ ರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕಿನ ದ್ರವ ಗಾಳಿಯಲ್ಲಿರುವ ತೇವವನ್ನು ಹೀರುವ ಸ್ವಭಾವದ್ದು. ಆ ನೀರು ಒಳಗಿನ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಇಂಜಿನಿನ ಮೇಲ್ಭಾಗದಲ್ಲಿ ಹರಡಿದ್ದ ಎಣ್ಣೆಯ ಪೊರೆ ಕೆಳಕ್ಕೆ ಇಳಿದು ಲೋಹ ಬತ್ತಲಾಗುತ್ತದೆ. ರಬ್ಬರಿನ ಬಿರಡೆಗಳು ಒಣಗಿ ಬಿರಿಯುತ್ತವೆ. ಟೈರು ತಾನು ನಿಂತ ಜಾಗದಲ್ಲಿಯೇ ಚಪ್ಪಟೆಯಾಗುತ್ತದೆ. ತಿಂಗಳಿಗೊಮ್ಮೆ ಐದು ನಿಮಿಷ ಇಂಜಿನನ್ನು ಚಾಲೂ ಮಾಡಿ ನಿಲ್ಲಿಸಿದರೆ ಸಾಕೆನ್ನುವವರುಂಟು. ಅದು ಇನ್ನೂ ಕೆಟ್ಟದ್ದು. ಪೆಟ್ರೋಲು ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನು ಚೆನ್ನಾಗಿ ಕಾಯುವವರೆಗೆ ಓಡಿದರೆ ಅದು ಹೊರಬಿದ್ದು ಹೋಗುತ್ತದೆ, ಇಲ್ಲವಾದರೆ ಒಳಗೇ ತಣಿದು ನೀರಾಗಿ ಎಣ್ಣೆಯಲ್ಲಿಯೂ ಹೊಗೆಕೊಳವೆಯಲ್ಲಿಯೂ ಕೂರುತ್ತದೆ. ಇತ್ತೀಚೆಗೆ ಇನ್ನೊಂದು ತೊಡಕು ಸೇರಿದೆ. 2021ರಿಂದ ಬ್ರಿಟನ್ನಿನಲ್ಲಿ ಸಾಮಾನ್ಯ ಪೆಟ್ರೋಲಿಗೆ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ಹಳೆಯ ರಬ್ಬರಿಗೂ ಕೆಲವು ಲೋಹಗಳಿಗೂ ಅದು ಒಗ್ಗದು. ಹಳೆಯ ಗಾಡಿಗಳಿಗೆ ಐದು ಪಾಲಿನ ಪೆಟ್ರೋಲೇ ಬೇಕೆಂದು ಅಲ್ಲಿನ ಸರಕಾರವೇ ಸೂಚಿಸಿತು.

ಸುಖವೆಂದರೆ ಇಲ್ಲಿ ಏನೆಂದು ಓದುಗರು ಕೇಳಬಹುದು. ಹಳೆಯ ಕ್ರೀಡಾಮೋಟಾರು ಸುಖಾಸನವಲ್ಲ. ಸೆಕೆಯಲ್ಲಿ ಬೇಯಿಸುತ್ತದೆ, ಮಳೆಯಲ್ಲಿ ಸೋರುತ್ತದೆ. ಚಕ್ರ ತಿರುಗಿಸಲು ತೋಳಿನ ಬಲ ಬೇಕು. ಆದರೆ ರಸ್ತೆಯ ಪ್ರತಿ ಉಬ್ಬುತಗ್ಗೂ ಅಂಗೈಗೆ ಸುದ್ದಿ ಮುಟ್ಟಿಸುತ್ತದೆ. ಗೇರು ಬದಲಿಸುವಾಗ ಇಂಜಿನಿನ ವೇಗವನ್ನು ಕಿವಿಯಿಂದ ಅಳೆದು, ಕಾಲಿನಿಂದ ಸರಿಹೊಂದಿಸಿ, ಕೈಯಿಂದ ಸೇರಿಸಬೇಕು. ಮೂರೂ ಕೂಡಿದಾಗ ಸದ್ದಿಲ್ಲದೆ ಕೂರುತ್ತದೆ. ತಾಳ ತಪ್ಪದೆ ಪಲ್ಲವಿಯನ್ನು ಎತ್ತಿಕೊಂಡ ಗಾಯಕನ ತೃಪ್ತಿಗೂ ಇದಕ್ಕೂ ಬಹಳ ದೂರವಿಲ್ಲ.

ಈ ಸುಖಕ್ಕೆ ಕೋಟಿಗಳೇನೂ ಬೇಕಾಗಿಲ್ಲ. ಇಂಗ್ಲೆಂಡಿನ ಆಬಿಂಗ್‌ಡನ್ ಊರಿನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಗಾಡಿಯನ್ನು ಐದು ಲಕ್ಷಕ್ಕೂ ಹೆಚ್ಚಾಗಿ ಮಾಡಿದರು. ಊರಿಗೆಲ್ಲ ಇದ್ದುದರಿಂದ ಅದಕ್ಕೆ ವಿಶೇಷ ಬೆಲೆ ಬರಲಿಲ್ಲ. ಹೊಸ ಸಾಮಾನ್ಯ ಕಾರಿಗೆ ಕೊಡುವುದಕ್ಕಿಂತ ಕಡಮೆ ಹಣಕ್ಕೆ ಚೆನ್ನಾದದ್ದೇ ಸಿಗುತ್ತದೆ. ಅದರ ಅದೃಷ್ಟವೇ ಅದು! ಬಿಡಿಭಾಗಗಳೆಲ್ಲ ದೊರೆಯುತ್ತವೆ. ತುಕ್ಕು ಹಿಡಿದ ಮೈಯನ್ನು ಬಿಸುಟು 1988ರಿಂದಾಚೆಗೆ ಹೊಸದಾಗಿ ಅಚ್ಚೊತ್ತಿದ ಇಡೀ ಮೈಯನ್ನೇ ಕೊಂಡು ಜೋಡಿಸಿಕೊಂಡವರುಂಟು. ಭಾನುವಾರ ಬೆಳಗ್ಗೆ ಗುಮಾಸ್ತರೂ ಉಪಾಧ್ಯಾಯರೂ ತೋಳು ಮಡಿಸಿ ತಾವೇ ದುರಸ್ತಿ ಮಾಡಿಕೊಳ್ಳುತ್ತಾರೆ. ಅದರ ಎರಡು ಕಾರ್ಬೊರೇಟರುಗಳೂ ಸಮನಾಗಿ ಗಾಳಿ ಎಳೆಯುವಂತೆ ಮಾಡಬೇಕು. ಇದಕ್ಕೆ ಅವರು ಬಳಸುವ ಉಪಕರಣ ಒಂದು ಗೇಣುದ್ದದ ರಬ್ಬರು ಕೊಳವೆ! ಒಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೂ ಇನ್ನೊಂದನ್ನು ತಮ್ಮ ಕಿವಿಗೂ ಹಿಡಿದು, ಇದರ ಉಸಿರನ್ನೊಮ್ಮೆ ಅದರ ಉಸಿರನ್ನೊಮ್ಮೆ ಕೇಳಿ, ಎರಡೂ ಒಂದೇ ಶ್ರುತಿಗೆ ಬರುವವರೆಗೆ ತಿರುಪನ್ನು ತಿರುಗಿಸುತ್ತಾರೆ. ತಂಬೂರಿಯನ್ನು ಶ್ರುತಿ ಮಾಡುವುದನ್ನು ಕಂಡವರಿಗೆ ಇದು ಹೊಸದಲ್ಲ. ಇದು ಕಿವಿಯಿಂದ ಕಿವಿಗೆ ಬರುವ ವಿದ್ಯೆ. ಪುಸ್ತಕದಲ್ಲಿ ಬರೆದಿಟ್ಟರೆ ಅರ್ಧ ಮಾತ್ರ ಉಳಿಯುತ್ತದೆ. ಗಾಡಿಗಳು ಓಡದೆ ಹೋದರೆ ಮೊದಲು ಸಾಯುವುದು ಲೋಹವಲ್ಲ, ಈ ವಿದ್ಯೆ. ಬೆಲೆಯ ಪಟ್ಟಿ ಹಿಡಿದು ಓಡಾಡುವವರು ಈ ನಷ್ಟವನ್ನು ಎಲ್ಲಿಯೂ ಬರೆದುಕೊಳ್ಳುವುದಿಲ್ಲ.

ಕೋಟಿ ಬೆಲೆಯ ಗಾಡಿಯನ್ನೂ ಓಡಿಸುವ ಪುಣ್ಯಾತ್ಮರು ಇಲ್ಲದಿಲ್ಲ. ಪಿಂಕ್ ಫ್ಲಾಯ್ಡ್ ಎಂಬ ಆಂಗ್ಲ ವಾದ್ಯಗೋಷ್ಠಿಯಲ್ಲಿ ತಾಳವಾದ್ಯ ನುಡಿಸುತ್ತಿದ್ದ ನಿಕ್ ಮೇಸನ್ 1977ರಲ್ಲಿ ಒಂದು ಜಿಟಿಓವನ್ನು 40,000 ಪೌಂಡಿಗೂ ಕಡಮೆ ಬೆಲೆಗೆ ಕೊಂಡರು. ಅದರ ಬೆಲೆ ಸಾವಿರಪಟ್ಟು ಬೆಳೆದ ಮೇಲೂ ಅದನ್ನು ಮಾರದೆ, ಮುಚ್ಚಿಡದೆ, ಹಳೆಯ ಗಾಡಿಗಳ ಪಂದ್ಯಗಳಿಗೆ ಇಳಿಸಿದರು. ಅಗ್ಗದಲ್ಲಿ ಕೊಂಡವರಿಗೆ ಧೈರ್ಯ ಸುಲಭ ಎಂದು ಟೀಕಿಸಬಹುದು. ಇರಬಹುದು, ಆದರೆ ಆ ಅಗ್ಗದ ಕಾಲದಲ್ಲಿ ಕೊಂಡು, ಮೊದಲ ಲಾಭಕ್ಕೇ ಕೈಬಿಟ್ಟವರೂ ಇದ್ದರಲ್ಲ.

ಮುಚ್ಚಿಡುವವರ ವಾದವನ್ನೂ ಹಗುರವಾಗಿ ತಳ್ಳಿಹಾಕಬಾರದು. ಇರುವುದೇ 36. 2012ರಲ್ಲಿ ಜಿಟಿಓದ ಐವತ್ತನೆಯ ವರ್ಷದ ಉತ್ಸವಕ್ಕಾಗಿ ಒಡೆಯರೆಲ್ಲ ಫ್ರಾನ್ಸಿನಲ್ಲಿ ಯಾತ್ರೆ ಹೊರಟಾಗ ಒಂದು ಗಾಡಿ ರಸ್ತೆಯಲ್ಲಿ ಬೇರೊಂದು ಕಾರಿಗೆ ಡಿಕ್ಕಿಯಾಗಿ ಜಖಂ ಆಯಿತು, ಒಳಗಿದ್ದವರಿಗೂ ಪೆಟ್ಟಾಯಿತು. ಕೈಯಿಂದ ತಟ್ಟಿದ ಆ ತಗಡನ್ನು ಬದಲಿಸಿದ ಹಾಗೆಲ್ಲ ಅಂದಿನ ಕಮ್ಮಾರನ ಕೈಗುರುತು ಒಂದೊಂದು ಅಂಗುಲ ಕಡಮೆಯಾಗುತ್ತ ಬರುತ್ತದೆ. 2019ರಲ್ಲಿ ಇಟಲಿಯ ಬೊಲೋನ್ಯ ನಗರದ ನ್ಯಾಯಾಲಯ ಈ ಗಾಡಿಯ ಆಕಾರವನ್ನು ಕಲಾಕೃತಿಯೆಂದೇ ಪರಿಗಣಿಸಿ, ಅದನ್ನು ನಕಲು ಮಾಡುವುದಕ್ಕೆ ತಡೆಯೊಡ್ಡಿತು. ಕಲಾಕೃತಿಯನ್ನು ಯಾರಾದರೂ ಪಂದ್ಯಕ್ಕೆ ಕಳುಹಿಸುತ್ತಾರೆಯೆ ಎಂದು ಅವರು ಕೇಳುತ್ತಾರೆ. ಕೆಲವು ಒಡೆಯರು ಮೂಲವನ್ನು ಮನೆಯಲ್ಲಿ ಮಲಗಿಸಿ, ಹೊಸದಾಗಿ ಮಾಡಿಸಿದ ಪ್ರತಿಕೃತಿಯನ್ನು ಪಂದ್ಯಕ್ಕೆ ಒಯ್ಯುವುದೂ ಉಂಟು; ಮೂಲವಿಗ್ರಹ ಗರ್ಭಗುಡಿಯಲ್ಲಿ, ಉತ್ಸವಮೂರ್ತಿ ಬೀದಿಯಲ್ಲಿ ಎಂಬ ನಮ್ಮ ಏರ್ಪಾಡಿನಂತೆ.

ನನಗೆ ತೋರುವುದು ಇಷ್ಟು. ಪ್ರಾಣದ ಹಂಗು ತೊರೆದು ಪಂದ್ಯದಲ್ಲಿ ನುಗ್ಗುವುದು ಬೇರೆ, ಗಾಡಿಯನ್ನು ಗಾಡಿಯಂತೆ ನಡೆಸುವುದು ಬೇರೆ. ಇವೆರಡರ ನಡುವೆ ಅಗಲವಾದ ದಾರಿಯುಂಟು, ಆ ದಾರಿ ಇಟಲಿಯಲ್ಲಿಯೇ ಇದೆ. ಮಾಸ್ ಗೆದ್ದ ಆ ಸಾವಿರ ಮೈಲಿಯ ಪಂದ್ಯ, ಮಿಲ್ಲೆ ಮಿಲ್ಯ, 1957ರ ಭೀಕರ ಅಪಘಾತದ ಅನಂತರ ನಿಂತುಹೋಗಿತ್ತು. 1977ರಲ್ಲಿ ಅದನ್ನು ಮತ್ತೆ ಆರಂಭಿಸಿದಾಗ ವೇಗದ ಪಂದ್ಯವಾಗಿ ಮಾಡಲಿಲ್ಲ. ಗೊತ್ತಾದ ವೇಳೆಗೆ ಗೊತ್ತಾದ ಸ್ಥಳವನ್ನು ನಿಯಮ ತಪ್ಪದೆ ಮುಟ್ಟುವ ಪರೀಕ್ಷೆಯಾಗಿ ಮಾಡಿದರು. 1927ರಿಂದ 1957ರವರೆಗಿನ ಪಂದ್ಯಗಳಲ್ಲಿ ಓಡಿದ ಮಾದರಿಗಳಿಗೆ ಅಲ್ಲಿ ಪ್ರವೇಶ. ಬ್ರೆಷ್ಯಾದಿಂದ ರೋಮಿಗೆ ಹೋಗಿ ಹಿಂದಿರುಗುವ ಆ ಹಾದಿಯಲ್ಲಿ ಕೋಟಿ ಬೆಲೆಯ ಗಾಡಿಗಳು ಊರೂರಿನ ಚೌಕಗಳ ನಡುವೆಯೇ ಹಾದು ಹೋಗುತ್ತವೆ. ಒಂದು ಕಾಸನ್ನೂ ಕೊಡದ ಹಳ್ಳಿಯ ಹುಡುಗ ಅವುಗಳ ದನಿಯನ್ನು ಕೇಳುತ್ತಾನೆ. ವರುಷಕ್ಕೊಮ್ಮೆಯಾದರೂ ತೇರು ಬೀದಿಗೆ ಬರಬೇಕೆಂಬ ನಿಯಮ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಕೊಂಚ ಬಿಗಿ. 2021ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, ಐವತ್ತು ವರ್ಷ ದಾಟಿ ಮೂಲರೂಪದಲ್ಲಿ ಉಳಿದಿರುವ ಗಾಡಿಗಳಿಗೆ ‘ವಿಎ’ ಎಂಬ ಅಕ್ಷರಗಳುಳ್ಳ ಬೇರೆ ಸಂಖ್ಯೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ಹಳೆಯ ಗಾಡಿಗಳ ಮೆರವಣಿಗೆಗೆ, ತಾಂತ್ರಿಕ ಸಂಶೋಧನೆಗೆ, ಪೆಟ್ರೋಲು ತುಂಬಿಸುವುದಕ್ಕೆ, ದುರಸ್ತಿಗೆ ಒಯ್ಯುವುದಕ್ಕೆ ಮಾತ್ರ ಅದು ರಸ್ತೆಗೆ ಇಳಿಯಬಹುದು. ಆದುದರಿಂದ ಓಡಿಸುವ ಚಪಲವುಳ್ಳ ಒಡೆಯನಿಗೆ ನಂಬಿಕೆಯ ಮೆಕ್ಯಾನಿಕ್ಕು ಪಕ್ಕದ ಬೀದಿಯಲ್ಲಿ ಇರುವುದಕ್ಕಿಂತ ಇಪ್ಪತ್ತು ಮೈಲಿ ಆಚೆ, ಒಳ್ಳೆಯ ಸಾಲುಮರದ ರಸ್ತೆಯ ಕೊನೆಯಲ್ಲಿ ಇರುವುದೇ ಹೆಚ್ಚು ಅನುಕೂಲ.